ವಿಕ್ಕಾ ಆಚರಣೆಯಲ್ಲಿ ವೃತ್ತವನ್ನು ವಿಸರ್ಜಿಸುವಾಗ ಯಾವ ಕಡೆಯಿಂದ ಸುತ್ತಬೇಕು?

ಅರಳಿಕಟ್ಟೆ (ಪ್ರಶ್ನೆ):

ನಾನು ಮೆಲ್ಬರ್ನ್‌ನಲ್ಲಿ ಕೆಲಸದಲ್ಲಿದ್ದೇನೆ. ನನ್ನ ಸಹೋದ್ಯೋಗಿಯೊಬ್ಬರು ಇಂಗ್ಲೆಂಡಿನಲ್ಲಿ ಹುಟ್ಟಿದ, ಪ್ರಕೃತಿಯನ್ನು ಪೂಜಿಸುವ ಆಧುನಿಕ ಮತವಾದ ವಿಕ್ಕಾವನ್ನು ಅನುಸರಿಸುವವರು. ಏಪ್ರಿಲ್ ಕೊನೆಯಲ್ಲಿ ಅವರ ಗುಂಪು ಚಳಿಗಾಲ ಹತ್ತಿರವಾಗುವಾಗ ಸತ್ತವರನ್ನು ನೆನೆಯುವ ಸೌವಿನ್ ಹಬ್ಬವನ್ನು ಆಚರಿಸಲಿದ್ದು, ಅದಕ್ಕೆ ದೀಕ್ಷೆ ಪಡೆಯದವರೂ ಬರಬಹುದಾದ್ದರಿಂದ ನನ್ನನ್ನೂ ಕರೆದಿದ್ದಾರೆ. ಆ ಮತವನ್ನು ಒಪ್ಪಿಕೊಂಡು ಹೋಗುತ್ತಿಲ್ಲ, ಅತಿಥಿಯಾಗಿ ಹೋಗುತ್ತಿದ್ದೇನೆ. ಆದರೂ ಇನ್ನೊಬ್ಬರ ಪೂಜೆಯ ನಡುವೆ ನಿಲ್ಲುವಾಗ ಅಲ್ಲಿ ನಡೆಯುತ್ತಿರುವುದೇನೆಂದು ಸ್ವಲ್ಪವಾದರೂ ತಿಳಿದಿರಬೇಕೆಂದು ಎರಡು ಮೂರು ಪುಸ್ತಕಗಳನ್ನು ತಿರುವಿ ಹಾಕಿದೆ. ಗೊಂದಲ ಕಡಿಮೆಯಾಗುವ ಬದಲು ಹೆಚ್ಚಾಯಿತು.

ಆಚರಣೆಯ ಮೊದಲಿಗೆ ವೃತ್ತವನ್ನು ರಚಿಸುತ್ತಾರೆ, ಕೊನೆಗೆ ವಿಸರ್ಜಿಸುತ್ತಾರೆ ಎಂಬಲ್ಲಿ ಎಲ್ಲರದೂ ಒಂದೇ ಮಾತು. ರಚಿಸುವಾಗ ಪ್ರದಕ್ಷಿಣವಾಗಿ ಸುತ್ತಬೇಕೆಂಬುದರಲ್ಲಿಯೂ ಭಿನ್ನಾಭಿಪ್ರಾಯ ಕಾಣಲಿಲ್ಲ. ವಿಸರ್ಜಿಸುವ ವಿಷಯಕ್ಕೆ ಬಂದಾಗ ಮಾತ್ರ ಒಂದು ಕಡೆ ಅಪ್ರದಕ್ಷಿಣವಾಗಿ ಸುತ್ತಿ ಬಿಚ್ಚಬೇಕೆಂದಿದೆ, ಇನ್ನೊಂದು ಕಡೆ ಆಗಲೂ ಪ್ರದಕ್ಷಿಣವಾಗಿಯೇ ನಡೆಯಬೇಕೆಂದಿದೆ, ಮತ್ತೊಂದರಲ್ಲಿ ಸುತ್ತುವ ಮಾತೇ ಇಲ್ಲ. ಇದರ ಮೇಲೆ ನನ್ನ ಸಹೋದ್ಯೋಗಿ, ತಮ್ಮ ಗುಂಪಿನಲ್ಲಿ ವೃತ್ತವನ್ನು ರಚಿಸುವುದೇ ಗಡಿಯಾರದ ಮುಳ್ಳಿಗೆ ಎದುರಾಗಿ, ಅಗ್ನಿಯ ಸ್ಥಾನ ಉತ್ತರ ಎಂದುಬಿಟ್ಟರು. ನಾನು ಓದಿದ ಪುಸ್ತಕಗಳಲ್ಲೆಲ್ಲ ಅಗ್ನಿ ದಕ್ಷಿಣದಲ್ಲಿದ್ದಾನೆ.

ವೃತ್ತದ ಉದ್ದೇಶವೇನು, ಅದನ್ನು ಬಿಚ್ಚುವ ಕ್ರಮದಲ್ಲಿ ಇಷ್ಟು ಭೇದ ಏಕೆ, ನಡುವೆ ತುರ್ತಾಗಿ ಹೊರಗೆ ಹೋಗಬೇಕಾದರೆ ಅತಿಥಿಯಾದವರು ಏನು ಮಾಡಬೇಕು ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ. ಇದೆಲ್ಲ ಮೂಢನಂಬಿಕೆಯೇ ಅಲ್ಲವೇ ಎಂಬ ಚರ್ಚೆಯನ್ನು ದಯವಿಟ್ಟು ಬೇರೆ ಎಳೆಯಲ್ಲಿ ನಡೆಸಿ.

ಹೆಬ್ಬಾಗಿಲು:

ನಾನು ಇಂಗ್ಲೆಂಡಿನಲ್ಲಿದ್ದೇನೆ, ಗಾರ್ಡ್‌ನರ್ ಪರಂಪರೆಯಿಂದ ಕವಲೊಡೆದ ಒಂದು ಸಣ್ಣ ಕೋವನ್‌ಗೆ, ಎಂದರೆ ಒಟ್ಟಾಗಿ ಆಚರಿಸುವ ಗುಂಪಿಗೆ, ಸೇರಿದವನು. ದೀಕ್ಷೆಯ ವೇಳೆ ಗುಟ್ಟಾಗಿಡುವೆನೆಂದು ಮಾತು ಕೊಟ್ಟ ಸಂಗತಿಗಳನ್ನು ಬರೆಯಲಾರೆ. ಕೆಳಗಿರುವುದೆಲ್ಲ ದಶಕಗಳಿಂದ ಅಚ್ಚಾಗಿ ಎಲ್ಲರ ಕೈಗೂ ಸಿಗುತ್ತಿರುವ ವಿಷಯ.

ಮೊದಲು ಉದ್ದೇಶವನ್ನು ನೋಡೋಣ, ಏಕೆಂದರೆ ಬಿಚ್ಚುವ ಕ್ರಮದ ಗೊಂದಲ ಹುಟ್ಟುವುದೇ ಅಲ್ಲಿಂದ. ಆಧುನಿಕ ವಿಕ್ಕಾವನ್ನು ಸಾರ್ವಜನಿಕರ ಮುಂದೆ ತಂದ ಜೆರಾಲ್ಡ್ ಗಾರ್ಡ್‌ನರ್, ಬ್ರಿಟನ್ನಿನ ಹಳೆಯ ಮಾಟಗಾತಿ ಕಾಯಿದೆ 1951ರಲ್ಲಿ ರದ್ದಾದ ಮೇಲೆ, 1954ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ವಿಷಯವನ್ನು ಸ್ಪಷ್ಟವಾಗಿಯೇ ಹೇಳಿದ್ದಾನೆ. ಮಧ್ಯಯುಗದ ಮಾಂತ್ರಿಕನ ವೃತ್ತವು ಅವನು ಕರೆದ ಭೂತಗಳು ಒಳಗೆ ಬಾರದಂತೆ ತಡೆಯುವ ಕೋಟೆ. ವಿಕ್ಕಾದವರ ವೃತ್ತವು ಒಳಗಿರುವವರು ಕುಣಿತ, ಹಾಡು, ಧ್ಯಾನಗಳಿಂದ ಎಬ್ಬಿಸಿದ ಶಕ್ತಿ ಚದುರಿಹೋಗದಂತೆ ಹಿಡಿದಿಡುವ ಪಾತ್ರೆ. ಕೆರೆಗೆ ಏರಿ ಇದ್ದಂತೆ ಎಂದರೆ ನಮ್ಮ ಕಡೆಯವರಿಗೆ ಬೇಗ ತಿಳಿದೀತು. ಇದರ ಜೊತೆಗೆ, ವೃತ್ತದೊಳಗಿನ ಜಾಗ ಮನುಷ್ಯರ ಲೋಕಕ್ಕೂ ದೇವತೆಗಳ ಲೋಕಕ್ಕೂ ನಡುವಿನದು ಎಂಬ ಭಾವನೆಯೂ ಇದೆ. ನಮಗೆ ಸ್ಥಿರವಾದ ಗುಡಿಯಿಲ್ಲ. ಯಾರದೋ ಮನೆಯ ಹಜಾರದಲ್ಲಿ ಕುರ್ಚಿಗಳನ್ನು ಗೋಡೆಗೆ ಒತ್ತರಿಸಿ ಅಷ್ಟು ಹೊತ್ತಿಗೆ ಗುಡಿ ಕಟ್ಟಿಕೊಳ್ಳುತ್ತೇವೆ, ಮುಗಿದ ಮೇಲೆ ಅದು ಮತ್ತೆ ಹಜಾರವಾಗಬೇಕು.

ರಚನೆಯ ಕ್ರಮ ಸ್ಥೂಲವಾಗಿ ಹೀಗಿದೆ. ನೆಲವನ್ನು ಪೊರಕೆಯಿಂದ ಗುಡಿಸಿ, ನಾಲ್ಕು ದಿಕ್ಕುಗಳಲ್ಲಿ ಒಂದೊಂದು ಮೇಣದಬತ್ತಿ ಇಡುತ್ತೇವೆ. ಗಾರ್ಡ್‌ನರ್ ಹೇಳಿದ ವೃತ್ತದ ಅಡ್ಡಳತೆ 9 ಅಡಿ. ನಾಲ್ಕೂವರೆ ಅಡಿಯ ದಾರವನ್ನು ನಡುವೆ ಹಿಡಿದು ಸುತ್ತಿದರೆ ಅಳತೆ ಸಿಗುತ್ತದೆ, ಆದರೆ ಹತ್ತಕ್ಕಿಂತ ಹೆಚ್ಚು ಮಂದಿ ಸೇರಿದಾಗ ಯಾರೂ ಆ ಅಳತೆಗೆ ಅಂಟಿಕೊಳ್ಳುವುದಿಲ್ಲ. ಬಟ್ಟಲಿನ ನೀರಿಗೆ ಅಥಾಮೆ ಎಂಬ ಕಪ್ಪು ಹಿಡಿಯ ಚಾಕುವಿನ ತುದಿಯನ್ನು ಅದ್ದಿ ಶುದ್ಧಿ ಹೇಳುತ್ತಾರೆ. ಉಪ್ಪನ್ನು ಹರಸಿ ಆ ನೀರಿಗೆ ಬೆರೆಸುತ್ತಾರೆ. ಬಳಿಕ ಮುಖ್ಯ ಅರ್ಚಕಿ ಕತ್ತಿಯನ್ನೋ ಅಥಾಮೆಯನ್ನೋ ನೆಲದ ಕಡೆಗೆ ಚಾಚಿ, ಅದರ ತುದಿಯಿಂದ ಬೆಳಕಿನ ಗೆರೆಯೊಂದು ಹೊರಡುತ್ತಿದೆಯೆಂದು ಮನಸ್ಸಿನಲ್ಲಿ ಕಾಣುತ್ತ, ಒಂದು ಸುತ್ತು ಬರುತ್ತಾಳೆ. ಈಶಾನ್ಯದಲ್ಲಿ ಬಾಗಿಲಿನಷ್ಟು ಜಾಗ ಬಿಟ್ಟು, ಉಳಿದವರನ್ನು ಅಲ್ಲಿಂದ ಒಬ್ಬೊಬ್ಬರಾಗಿ ಒಳಗೆ ಕರೆದುಕೊಂಡು, ಕೊನೆಗೆ ಆ ಬಾಗಿಲನ್ನೂ ಮುಚ್ಚುತ್ತಾಳೆ. (ಈಶಾನ್ಯ ಎಂದ ಕೂಡಲೇ ವಾಸ್ತುವನ್ನು ನೆನೆಯಬೇಡಿ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ.) ಅದೇ ದಾರಿಯಲ್ಲಿ ಉಪ್ಪುನೀರು, ಧೂಪ, ದೀಪ ಒಂದಾದ ಮೇಲೊಂದು ಸುತ್ತು ಬರುತ್ತವೆ. ಆಮೇಲೆ ಎಲ್ಲರೂ ಪೂರ್ವಕ್ಕೆ ಮುಖಮಾಡಿ ವಾಯುವನ್ನು, ದಕ್ಷಿಣಕ್ಕೆ ತಿರುಗಿ ಅಗ್ನಿಯನ್ನು, ಪಶ್ಚಿಮಕ್ಕೆ ತಿರುಗಿ ಜಲವನ್ನು, ಉತ್ತರಕ್ಕೆ ತಿರುಗಿ ಭೂಮಿಯನ್ನು ಕಾಯುವ ಶಕ್ತಿಗಳನ್ನು ಕರೆಯುತ್ತೇವೆ. ಕರೆಯುವವರು ಪ್ರತಿ ದಿಕ್ಕಿಗೂ ಗಾಳಿಯಲ್ಲಿ ಐದು ಮೂಲೆಯ ನಕ್ಷತ್ರವನ್ನು ಬರೆಯುತ್ತಾರೆ.

ವಿಸರ್ಜನೆಗೆ ಮುನ್ನ ರೊಟ್ಟಿ ಅಥವಾ ಕೇಕು ಮತ್ತು ದ್ರಾಕ್ಷಾರಸವನ್ನು ಹರಸಿ ಹಂಚಿಕೊಳ್ಳುತ್ತೇವೆ. ಅನಂತರ ಪ್ರತಿ ದಿಕ್ಕಿಗೂ ತಿರುಗಿ, ಬಂದದ್ದಕ್ಕೆ ವಂದನೆ ಹೇಳಿ, ಹೋಗಿಬರುವಂತೆ ಬೀಳ್ಕೊಡುತ್ತೇವೆ. ಆಗ ಬರೆಯುವ ನಕ್ಷತ್ರದ ಗೆರೆ ಬೇರೆ ಮೂಲೆಯಿಂದ ಹೊರಡುತ್ತದೆ, ಆದರೆ ನಮ್ಮ ಪದ್ಧತಿಯಲ್ಲಿ ದಿಕ್ಕುಗಳ ಕ್ರಮ ಬದಲಾಗುವುದಿಲ್ಲ. ಆಗಲೂ ಪೂರ್ವ, ದಕ್ಷಿಣ, ಪಶ್ಚಿಮ, ಉತ್ತರ. ವೃತ್ತದೊಳಗೆ ಅಪ್ರದಕ್ಷಿಣವಾಗಿ ಹೆಜ್ಜೆಯಿಡುವುದನ್ನೇ ನಮ್ಮಲ್ಲಿ ಹಿರಿಯರು ಒಪ್ಪುತ್ತಿರಲಿಲ್ಲವೆಂದು ನಮ್ಮ ಅರ್ಚಕಿ ಹೇಳುತ್ತಾರೆ.

ಓಲೆಗರಿ:

ನಾನು ಆಚರಿಸುವವಳಲ್ಲ, ಯುರೋಪಿನ ಮಂತ್ರವಿದ್ಯೆಯ ಇತಿಹಾಸವನ್ನು ಓದುವವಳು. ಹೆಬ್ಬಾಗಿಲು ಅವರು ಹೇಳಿದ ಕ್ರಮ ಯಾವ ಯಾವ ಕಡೆಯಿಂದ ಬಂದು ಸೇರಿತೆಂದು ನೋಡಿದರೆ, ಪುಸ್ತಕಗಳು ವಿಸರ್ಜನೆಯ ವಿಷಯದಲ್ಲಿ ಏಕೆ ಒಮ್ಮತಕ್ಕೆ ಬಂದಿಲ್ಲವೆಂಬುದು ತಿಳಿಯುತ್ತದೆ.

ಸೊಲೊಮನ್ ರಾಜನ ಹೆಸರಿನಲ್ಲಿ ಹಸ್ತಪ್ರತಿಗಳಾಗಿ ಹರಿದಾಡುತ್ತಿದ್ದ ಮಾಂತ್ರಿಕ ಗ್ರಂಥವೊಂದನ್ನು ಮ್ಯಾಕ್‌ಗ್ರೆಗರ್ ಮೇಥರ್ಸ್ 1889ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದನು. ಕಪ್ಪು ಹಿಡಿಯ ಚಾಕುವಿನಿಂದ ವೃತ್ತ ಎಳೆಯುವುದು, 9 ಅಡಿಯ ಅಳತೆ, ಉಪ್ಪು ನೀರುಗಳ ಶುದ್ಧಿ, ಧೂಪ ಎಲ್ಲವೂ ಅಲ್ಲಿವೆ. ಇದೇ ಮೇಥರ್ಸ್ 1888ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಗೋಲ್ಡನ್ ಡಾನ್ ಎಂಬ ರಹಸ್ಯ ಸಂಘದ ಸ್ಥಾಪಕರಲ್ಲಿ ಒಬ್ಬ. ಪೂರ್ವಕ್ಕೆ ವಾಯು, ದಕ್ಷಿಣಕ್ಕೆ ಅಗ್ನಿ ಎಂಬ ಹಂಚಿಕೆಯೂ, ಗಾಳಿಯಲ್ಲಿ ನಕ್ಷತ್ರ ಬರೆದು ಕರೆಯುವ ಮತ್ತು ಕಳುಹಿಸುವ ಕ್ರಮವೂ ಆ ಸಂಘದ ಬಳಕೆಯಿಂದ ವಿಕ್ಕಾಗೆ ಬಂದವು. ನಾಲ್ಕು ದಿಕ್ಕುಗಳನ್ನು ಕಾವಲುಗೋಪುರಗಳೆಂದು ಕರೆಯುವುದರ ಬೇರು ಇನ್ನೂ ಹಿಂದಿನದು, ಒಂದನೆಯ ಎಲಿಜಬೆತ್ ರಾಣಿಯ ಕಾಲದ ಗಣಿತಜ್ಞ ಜಾನ್ ಡೀ ಬರೆದಿಟ್ಟ ದೇವದೂತ ಸಂವಾದಗಳಲ್ಲಿದೆ. ಗಾರ್ಡ್‌ನರ್ ಈ ಸಾಮಗ್ರಿಯನ್ನು ತನ್ನ ಕೋವನ್‌ಗೆ ಹೊಂದಿಸಿಕೊಂಡನು. 1953ರಲ್ಲಿ ಅವನಿಂದ ದೀಕ್ಷೆ ಪಡೆದ ಡೋರೀನ್ ವ್ಯಾಲಿಯೆಂಟೆ ಅದರ ಮಾತುಗಳನ್ನು ತಿದ್ದಿ ಕಾವ್ಯದ ಹದಕ್ಕೆ ತಂದಳು.

ಈಗ ಮುಖ್ಯ ವಿಷಯ. ಹಳೆಯ ಮಾಂತ್ರಿಕನಿಗೆ ಆಚರಣೆಯ ಕೊನೆಯಲ್ಲಿ ಇದ್ದ ಚಿಂತೆ ಒಂದೇ: ಕರೆಸಿಕೊಂಡವರು ಹೊರಟುಹೋದರೇ ಇಲ್ಲವೇ? ಆದ್ದರಿಂದ ಅವನು ಅವರಿಗೆ ಹೊರಡಲು ವಿಧಿವತ್ತಾಗಿ ಅಪ್ಪಣೆ ಕೊಡುತ್ತಿದ್ದನು, ಅದು ಮುಗಿಯುವವರೆಗೆ ವೃತ್ತದಿಂದ ಹೊರಗೆ ಕಾಲಿಡುತ್ತಿರಲಿಲ್ಲ. ನೆಲದ ಮೇಲೆ ಸುಣ್ಣದಿಂದಲೋ ಇದ್ದಿಲಿನಿಂದಲೋ ಎಳೆದ ಗೆರೆಯನ್ನು ಬಿಚ್ಚುವ ಪ್ರಶ್ನೆ ಅವನಿಗೆ ಏಳಲಿಲ್ಲ, ಒರಸಿದರೆ ಮುಗಿಯಿತು. ವಿಕ್ಕಾದಲ್ಲಿ ಗೆರೆ ಮನಸ್ಸಿನಿಂದ ಎಳೆದದ್ದು, ಶಕ್ತಿಯಿಂದ ಆದದ್ದು. ಹಾಗಾಗಿ ಅತಿಥಿ ಶಕ್ತಿಗಳನ್ನು ಬೀಳ್ಕೊಡುವುದು ಒಂದು ಕೆಲಸ, ಗೆರೆಯನ್ನು ಇಲ್ಲವಾಗಿಸುವುದು ಮತ್ತೊಂದು ಕೆಲಸ ಎಂಬ ಭೇದ ಹುಟ್ಟಿತು. ಮೊದಲಿನದರಲ್ಲಿಯೇ ಎರಡನೆಯದೂ ಆಗಿಹೋಯಿತೆಂದು ತಿಳಿಯುವ ಪರಂಪರೆಗಳು ಬೀಳ್ಕೊಟ್ಟ ಮೇಲೆ ಬೇರೆ ಸುತ್ತು ಹಾಕುವುದಿಲ್ಲ, ಅರಳಿಕಟ್ಟೆ ಅವರು ಓದಿದ ಸುತ್ತಿಲ್ಲದ ಕ್ರಮ ಇದೇ ಇರಬೇಕು. ಎರಡನ್ನೂ ಬೇರೆ ಎಂದು ತಿಳಿದವರಲ್ಲಿ ಹಲವರು, ಸುತ್ತಿದ್ದನ್ನು ಬಿಚ್ಚಲು ಎದುರು ದಿಕ್ಕಿನಲ್ಲಿ ನಡೆಯಬೇಕೆನ್ನುತ್ತಾರೆ. ಆದರೆ ಅದು ತರ್ಕದ ಅನಿವಾರ್ಯತೆಯಲ್ಲ. ಗುರುವಿಲ್ಲದೆ ಒಂಟಿಯಾಗಿ ಆಚರಿಸುವವರಿಗಾಗಿ 1988ರಲ್ಲಿ ಬಂದು ಬಹಳ ಹರಡಿದ ಸ್ಕಾಟ್ ಕನಿಂಗ್‌ಹ್ಯಾಮ್‌ನ ಕೈಪಿಡಿಯಲ್ಲಿ, ಉತ್ತರದಲ್ಲಿ ನಿಂತು ವೃತ್ತದ ಗೋಡೆಗೆ ಸೊಂಟದ ಎತ್ತರದಲ್ಲಿ ಚಾಕು ಚುಚ್ಚಿ, ಆ ಶಕ್ತಿಯೆಲ್ಲ ಅಲಗಿನೊಳಕ್ಕೆ ಹಿಂತಿರುಗುತ್ತಿದೆಯೆಂದು ಭಾವಿಸುತ್ತ ನಡೆಯಬೇಕೆಂದಿದೆ. ಗೆರೆಯನ್ನು ಹೀಗೆ ಚಾಕುವಿಗೇ ಎಳೆದುಕೊಳ್ಳುವವನೂ ನಡೆಯುವುದು ಪ್ರದಕ್ಷಿಣವಾಗಿಯೇ.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬೆಳೆದ ರಿಕ್ಲೇಮಿಂಗ್ ಪರಂಪರೆಯ ಪ್ರಭಾವವಿರುವ ಗುಂಪುಗಳಲ್ಲಿ ಇನ್ನೊಂದು ನಿಲುವು ಕಾಣುತ್ತದೆ. ಅವರು ವೃತ್ತ ತೆರೆಯಿತು, ಆದರೆ ಮುರಿಯಲಿಲ್ಲ ಎಂದು ಹಾಡಿ ಮುಗಿಸುತ್ತಾರೆ. ಅಲ್ಲಿ ವೃತ್ತವೆಂದರೆ ನೆಲದ ಗೆರೆಗಿಂತ ಹೆಚ್ಚಾಗಿ ಸೇರಿದ ಜನರ ನಡುವಿನ ನಂಟು, ಅದನ್ನು ಬಿಚ್ಚುವ ಇಚ್ಛೆಯೇ ಅವರಿಗಿಲ್ಲ.

ಸಂಧ್ಯಾಜಪ:

ಇದನ್ನು ಓದುತ್ತಿದ್ದಂತೆ ನಮ್ಮ ಮನೆಗಳ ಪಾರಾಯಣಕ್ರಮ ಕಣ್ಣ ಮುಂದೆ ಬಂತು. ಸಹಸ್ರನಾಮಕ್ಕೆ ಮೊದಲು ಅಂಗನ್ಯಾಸ ಕರನ್ಯಾಸಗಳಾದ ಮೇಲೆ "ಭೂರ್ಭುವಸ್ಸುವರೋಮಿತಿ ದಿಗ್ಬಂಧಃ" ಎಂದು ತಲೆಯ ಸುತ್ತ ಚಿಟಿಕೆ ಹೊಡೆಯುತ್ತೇವೆ. ಪಾರಾಯಣ ಮುಗಿದ ಮೇಲೆ ಅದೇ ಮಾತನ್ನು ಹೇಳಿ ಕೊನೆಯಲ್ಲಿ "ದಿಗ್ವಿಮೋಕಃ" ಎನ್ನುತ್ತೇವೆ. ಕಟ್ಟಿದ ದಿಕ್ಕುಗಳನ್ನು ಬಿಚ್ಚದೆ ಏಳಬಾರದೆಂದು ನಮ್ಮ ತಾತ ಗದರುತ್ತಿದ್ದರು. ಪೂಜೆಯ ಕೊನೆಗೆ ಆವಾಹಿಸಿದ ದೇವತೆಗಳನ್ನು "ಪುನರಾಗಮನಾಯ ಚ" ಎಂದು ಕಳುಹಿಸಿಕೊಡುವುದೂ, ಇವರು ದಿಕ್ಕುಗಳಿಗೆ ಹೋಗಿಬರುವಂತೆ ಹೇಳುವುದೂ ಒಂದೇ ಧಾಟಿಯಲ್ಲಿವೆ. ಗಾರ್ಡ್‌ನರ್ ನಮ್ಮ ಕಡೆಗೆ ಬಂದಿದ್ದನೆಂದು ಎಲ್ಲೋ ಓದಿದ ನೆನಪು. ಇದು ಇಲ್ಲಿಂದಲೇ ಹೋದದ್ದಿರಬಹುದೇ?

ಓಲೆಗರಿ:

ಸಾಮ್ಯ ನಿಜ, ಮತ್ತು ವಿಸರ್ಜನೆಯನ್ನು ಅರ್ಥಮಾಡಿಕೊಳ್ಳಲು ಅದು ನೆರವಾಗುತ್ತದೆ. ಗಾರ್ಡ್‌ನರ್ 1900ರಲ್ಲಿ ಸಿಲೋನಿಗೆ ಹೋಗಿ ತೋಟಗಳಲ್ಲಿ ಕೆಲಸ ಮಾಡಿದ್ದೂ, ಬಳಿಕ ಮಲಯದಲ್ಲಿ ಸರ್ಕಾರಿ ನೌಕರಿಯಲ್ಲಿದ್ದು 1936ರಲ್ಲಿ ನಿವೃತ್ತನಾದದ್ದೂ ಸತ್ಯ. ಆದರೂ ಅಷ್ಟರಿಂದ ಮೂಲ ಇಲ್ಲಿಯದೆನ್ನುವುದು ದುಡುಕು. ವೃತ್ತದ ಒಂದೊಂದು ಅಂಗಕ್ಕೂ ಯುರೋಪಿನ ಲಿಖಿತ ಆಧಾರ ಕೈಯಲ್ಲಿರುವಾಗ ದೂರದ ಮೂಲವನ್ನು ಹುಡುಕುವ ಅಗತ್ಯವಿಲ್ಲ.

ದಿಕ್ಕುಗಳ ಲೆಕ್ಕವನ್ನೇ ನೋಡಿ. ನಮ್ಮಲ್ಲಿ ಎಂಟು ದಿಕ್ಪಾಲಕರು. ಅಗ್ನಿಗೆ ಆಗ್ನೇಯ, ವಾಯುವಿಗೆ ವಾಯವ್ಯ, ವರುಣನಿಗೆ ಪಶ್ಚಿಮ. ವಿಕ್ಕಾದವರಲ್ಲಿ ಅಗ್ನಿ ದಕ್ಷಿಣದಲ್ಲಿ, ವಾಯು ಪೂರ್ವದಲ್ಲಿ. ನೀರಿನ ದಿಕ್ಕು ಮಾತ್ರ ಕೂಡಿಬರುತ್ತದೆ. ಎರವಲು ತಂದಿದ್ದರೆ ಇಷ್ಟು ಅಡ್ಡಾದಿಡ್ಡಿಯಾಗಿ ತರುತ್ತಿರಲಿಲ್ಲ.

ಭಾವದಲ್ಲಿಯೂ ವ್ಯತ್ಯಾಸವಿದೆ. ದಿಗ್ಬಂಧದ ಮುಖ್ಯ ಕೆಲಸ ಜಪಕ್ಕೆ ಹೊರಗಿನ ವಿಘ್ನ ತಾಗದಂತೆ ಕಾಯುವುದು. ಗಾರ್ಡ್‌ನರ್ ಒತ್ತಿ ಹೇಳಿದ್ದು ಒಳಗಿನದು ಹೊರಗೆ ಹೋಗಬಾರದೆಂದು.

ತೆಂಕಣಗಾಳಿ:

ಮೆಲ್ಬರ್ನ್ ಪ್ರಶ್ನೆಗೆ ನಾನು ಉತ್ತರಿಸಬಹುದು. ನಾನೂ ಆಸ್ಟ್ರೇಲಿಯಾದಲ್ಲಿದ್ದೇನೆ, ಇಂಥ ಕೂಟಗಳಿಗೆ ಗೆಳತಿಯ ಜೊತೆ ಹೋಗುತ್ತಿರುತ್ತೇನೆ.

ಇಂಗ್ಲೆಂಡಿನಲ್ಲಿ ನಿಂತು ನೋಡಿದರೆ ಸೂರ್ಯ ಪೂರ್ವದಲ್ಲಿ ಹುಟ್ಟಿ, ದಕ್ಷಿಣದ ಆಕಾಶವನ್ನು ಹಾದು, ಪಶ್ಚಿಮದಲ್ಲಿ ಮುಳುಗುತ್ತಾನೆ. ಆ ನಡಿಗೆ ಗಡಿಯಾರದ ಮುಳ್ಳಿನಂತೆ ಇರುತ್ತದೆ. ಮೆಲ್ಬರ್ನ್‌ನಲ್ಲಿ ಅವನು ಮಧ್ಯಾಹ್ನ ಉತ್ತರದಲ್ಲಿರುತ್ತಾನೆ, ಹಾಗಾಗಿ ಸೂರ್ಯನ ನಡಿಗೆ ಮುಳ್ಳಿಗೆ ಎದುರು. ವಿಕ್ಕಾದವರು ಪವಿತ್ರವೆನ್ನುವುದು ಸೂರ್ಯನ ದಾರಿಯನ್ನೇ ಹೊರತು ಗಡಿಯಾರದ ದಾರಿಯನ್ನಲ್ಲ ಎಂಬುದು ನಿಮ್ಮ ಸಹೋದ್ಯೋಗಿಯ ಗುಂಪಿನ ನಿಲುವು. ಸುಡುವ ಬಿಸಿಲು, ಒಣಗಾಳಿ ಎಲ್ಲ ಉತ್ತರದಿಂದಲೇ ಬರುವ ಊರಿನಲ್ಲಿ ಅಗ್ನಿಯನ್ನು ದಕ್ಷಿಣಕ್ಕೆ ಕೂರಿಸುವುದು ಅವರಿಗೆ ಹೊಂದುವುದಿಲ್ಲ. ಆದ್ದರಿಂದ ಅಗ್ನಿಯನ್ನು ಉತ್ತರಕ್ಕೂ ಭೂಮಿಯನ್ನು ದಕ್ಷಿಣಕ್ಕೂ ಅದಲು ಬದಲು ಮಾಡಿಕೊಂಡಿದ್ದಾರೆ. ಏಪ್ರಿಲ್ ಕೊನೆಗೆ ಸೌವಿನ್ ಇಟ್ಟುಕೊಂಡಿರುವುದೂ ಇಲ್ಲಿ ಋತುಗಳು ತಿರುಗುಮುರುಗಾಗಿರುವುದರಿಂದ, ಯುರೋಪಿನಲ್ಲಿ ಅದು ಅಕ್ಟೋಬರ್ ಕೊನೆಯ ಹಬ್ಬ. ಇಲ್ಲಿ ಚಳಿಗಾಲದ ಯೂಲ್ ಹಬ್ಬ ಬರುವುದು ಜೂನ್‌ನಲ್ಲಿ.

ಎಲ್ಲರೂ ಹೀಗೆ ಮಾಡುವುದಿಲ್ಲ. ಗುರುಪರಂಪರೆಯಿಂದ ಬಂದ ಕ್ರಮವನ್ನು ನೆಲ ಬದಲಾಯಿತೆಂದು ಬದಲಿಸಬಾರದೆನ್ನುವ ಕೋವನ್‌ಗಳೂ ಇಲ್ಲಿವೆ. ಇನ್ನು ಕೆಲವರು ಊರಿನ ಭೂಗೋಳವನ್ನೇ ಅನುಸರಿಸುತ್ತಾರೆ: ಪರ್ತ್‌ನಲ್ಲಿ ಸಮುದ್ರ ಪಶ್ಚಿಮಕ್ಕಿರುವುದರಿಂದ ಹಳೆಯ ಹಂಚಿಕೆ ತಾನಾಗಿ ಹೊಂದುತ್ತದೆ, ಸಿಡ್ನಿಯಲ್ಲಿ ಸಮುದ್ರ ಪೂರ್ವಕ್ಕಿರುವುದರಿಂದ ಜಲವನ್ನು ಅಲ್ಲಿಗೆ ಒಯ್ಯುವವರಿದ್ದಾರೆ. ನನಗೆ ಕೇಳಿದರೆ ಈ ಮೂರನೆಯ ದಾರಿಯೇ ಆ ಮತದ ಆಶಯಕ್ಕೆ ಹತ್ತಿರವಾದದ್ದು, ಆದರೆ ಅದನ್ನು ಹೇಳಲು ನಾನು ಯಾರು!

ಇದರಿಂದ ನೀವು ಅಲ್ಲಿ ಕಾಣುವುದು ನಿಮ್ಮ ಪುಸ್ತಕಗಳೆಲ್ಲಕ್ಕೂ ತದ್ವಿರುದ್ಧವಾಗಿರಬಹುದು. ಅವರು ಮುಳ್ಳಿಗೆ ಎದುರಾಗಿ ವೃತ್ತ ರಚಿಸಿ, ಬಿಚ್ಚುವಾಗ ಹಿಂದಕ್ಕೆ ಸುತ್ತುವವರಾದರೆ, ವಿಸರ್ಜನೆಯ ಸುತ್ತು ಗಡಿಯಾರದಂತೆಯೇ ಇರುತ್ತದೆ. ಮುಳ್ಳನ್ನು ಮರೆತು, ಇವರು ಕಟ್ಟಿದ ಕಡೆಯಿಂದಲೇ ಬಿಚ್ಚುತ್ತಾರೆಯೇ ಅಥವಾ ಎದುರು ಕಡೆಯಿಂದಲೇ ಎಂದಷ್ಟೇ ನೋಡಿ.

ವ್ಯವಹಾರದ ಒಂದೆರಡು ಮಾತು. ಆಚರಣೆ ಬಯಲಿನಲ್ಲಿದ್ದರೆ ಬೆಚ್ಚನೆಯ ಬಟ್ಟೆ ಒಯ್ಯಿರಿ; ವೃತ್ತದೊಳಗೆ ನಿಂತಲ್ಲೇ ಬಹಳ ಹೊತ್ತು ನಿಲ್ಲಬೇಕಾಗುತ್ತದೆ. ಉದ್ದನೆಯ ಸೆರಗು, ದುಪಟ್ಟಾ ಬೇಡ, ದಿಕ್ಕಿನ ದೀಪಗಳು ಮೊಣಕಾಲಿಗಿಂತ ಕೆಳಗೆ ನೆಲದ ಮೇಲಿರುತ್ತವೆ. ಬೇಸಿಗೆಯಲ್ಲಿ ವಿಕ್ಟೋರಿಯಾ ರಾಜ್ಯದಲ್ಲಿ ಸಂಪೂರ್ಣ ಬೆಂಕಿ ನಿಷೇಧ ಘೋಷಿಸಿದ ದಿನಗಳಲ್ಲಿ ಈ ಗುಂಪುಗಳು ಬ್ಯಾಟರಿ ದೀಪಗಳಿಂದಲೇ ಕೆಲಸ ಸಾಗಿಸುತ್ತವೆ. ಮನೆಯೊಳಗಾದರೆ ಧೂಪದ ಹೊಗೆಗೆ ಛಾವಣಿಯ ಅಲಾರಂ ಕೂಗದಂತೆ ಕಿಟಕಿ ತೆರೆದಿಡುತ್ತಾರೆ. ಉಳಿದ ಉಪ್ಪುನೀರನ್ನು ಗಿಡದ ಬುಡಕ್ಕೆ ಚೆಲ್ಲಲು ನಿಮಗೆ ಯಾರಾದರೂ ಕೊಟ್ಟರೆ ವಿನಯದಿಂದ ಬಚ್ಚಲಿಗೆ ಸುರಿಯಿರಿ, ಉಪ್ಪು ಬಿದ್ದ ಮಣ್ಣಿನಲ್ಲಿ ಗಿಡ ಸೊರಗುತ್ತದೆ.

ಅರಳಿಕಟ್ಟೆ:

ಎಲ್ಲರಿಗೂ ವಂದನೆಗಳು. ದಿಕ್ಕಿನ ಸಮಸ್ಯೆ ತಿಳಿಯಾಯಿತು. ಕರೆದವರನ್ನು ಕಳುಹಿಸುವುದು ಬೇರೆ, ಗೆರೆ ಬಿಚ್ಚುವುದು ಬೇರೆ ಎಂಬುದು ನಾನು ಓದಿದ ಯಾವ ಪುಸ್ತಕದಲ್ಲಿಯೂ ಇಷ್ಟು ನೇರವಾಗಿ ಇರಲಿಲ್ಲ. ನಡುವೆ ಹೊರಗೆ ಹೋಗಬೇಕಾದರೆ ಏನು ಮಾಡಬೇಕೆಂಬುದು ಇನ್ನೂ ಉಳಿದಿದೆ. ಇನ್ನೊಂದು ಸಂಕೋಚವೂ ಇದೆ. ದಿಕ್ಕುಗಳನ್ನು ಕರೆಯುವಾಗ ಮತ್ತು ಬೀಳ್ಕೊಡುವಾಗ ಎಲ್ಲರೂ ಒಟ್ಟಾಗಿ ಉತ್ತರಿಸುತ್ತಾರಂತೆ. ನಂಬಿಕೆಯಿಲ್ಲದ ನಾನು ಹೇಳಿದರೆ ಅದು ಆಷಾಢಭೂತಿತನ, ಹೇಳದಿದ್ದರೆ ಅಗೌರವ.

ಹೆಬ್ಬಾಗಿಲು:

ಹೊರಗೆ ಹೋಗಬೇಕಾದರೆ ಪಕ್ಕದಲ್ಲಿರುವವರಿಗೆ ಮೆಲ್ಲಗೆ ತಿಳಿಸಿ. ಅಥಾಮೆ ಹಿಡಿದವರೊಬ್ಬರು ಬಂದು ವೃತ್ತದ ಅಂಚಿನಲ್ಲಿ, ನೆಲದಿಂದ ತಲೆಯ ಮೇಲಕ್ಕೂ ಅಲ್ಲಿಂದ ಮತ್ತೆ ನೆಲಕ್ಕೂ ಚಾಕುವನ್ನು ಆಡಿಸಿ ಬಾಗಿಲಿನ ಆಕಾರ ಕತ್ತರಿಸುತ್ತಾರೆ. ನೀವು ದಾಟಿದ ಮೇಲೆ ಅದೇ ಗೆರೆಯ ಮೇಲೆ ಮತ್ತೆ ಚಾಕು ಎಳೆದು ಮುಚ್ಚುತ್ತಾರೆ. ಮರಳಿದಾಗ ಅದೇ ಜಾಗದಲ್ಲಿ ನಿಂತು ಕಾಯಬೇಕು, ಅವರು ಮತ್ತೆ ತೆರೆಯುತ್ತಾರೆ. ಮೈ ಸರಿಯಿಲ್ಲದೆ ತಲೆ ಸುತ್ತಿದಂತಾದರೆ ಇದಾವುದಕ್ಕೂ ಕಾಯದೆ ಹೊರಗೆ ಬನ್ನಿ. ವೃತ್ತವನ್ನು ಸರಿಪಡಿಸಿಕೊಳ್ಳುವುದು ಅವರ ಕೆಲಸ, ಯಾರೂ ಬೇಸರಿಸುವುದಿಲ್ಲ. ಸಣ್ಣ ಮಕ್ಕಳು, ಬೆಕ್ಕು, ನಾಯಿಗಳು ಅಡ್ಡಾಡಿದರೆ ವೃತ್ತ ಕೆಡುವುದಿಲ್ಲವೆಂಬ ನಂಬಿಕೆ ಬಹುತೇಕ ಕಡೆ ಇದೆ. ನಮ್ಮ ಅರ್ಚಕಿಯ ಮನೆಯ ಬೆಕ್ಕು ಈ ರಿಯಾಯಿತಿಯನ್ನು ಧಾರಾಳವಾಗಿ ಬಳಸಿಕೊಳ್ಳುತ್ತದೆ, ಕೇಕು ಹಂಚುವ ಹೊತ್ತಿಗೆ ತಪ್ಪದೆ ಒಳಗೆ ಬರುತ್ತದೆ.

ಮಾತಿನ ವಿಷಯದಲ್ಲಿ ಸಂಕೋಚ ಬೇಡ. ಹೊರಗಿನವರನ್ನು ಕರೆದಿರುವ ಕೂಟದಲ್ಲಿ ಮೌನವಾಗಿ ಆ ದಿಕ್ಕಿಗೆ ಮುಖ ತಿರುಗಿಸಿ ನಿಂತರೆ ಸಾಕು. ಎಲ್ಲರೂ ತಿರುಗಿದಾಗ ತಿರುಗದೆ ನಿಲ್ಲುವುದೇ ಎದ್ದು ಕಾಣುತ್ತದೆ. ದ್ರಾಕ್ಷಾರಸ ಕುಡಿಯದವರಾದರೆ ಮೊದಲೇ ಹೇಳಿ, ಹಣ್ಣಿನ ರಸ ಇಟ್ಟಿರುತ್ತಾರೆ, ಇಲ್ಲವೇ ಬಟ್ಟಲನ್ನು ಸ್ವಲ್ಪ ಎತ್ತಿ ಹಿಡಿದು ಮುಂದಿನವರಿಗೆ ದಾಟಿಸಬಹುದು. ವಿಸರ್ಜನೆಯಾದ ಕೂಡಲೇ ಕೆಲವರು ಬಗ್ಗಿ ಎರಡೂ ಅಂಗೈಗಳನ್ನು ನೆಲಕ್ಕೆ ಒತ್ತುತ್ತಾರೆ. ಎಬ್ಬಿಸಿದ ಶಕ್ತಿಯಲ್ಲಿ ಉಳಿದದ್ದನ್ನು ಭೂಮಿಗೆ ಇಳಿಸುವ ಕ್ರಮ ಅದು, ನೀವು ಮಾಡಲೇಬೇಕೆಂದಿಲ್ಲ. ಆ ಬಳಿಕ ಊಟವಿರುತ್ತದೆ. ಅದಕ್ಕೆ ಏನಾದರೂ ಮಾಡಿಕೊಂಡು ಹೋಗುವುದು ಇಲ್ಲಿಯ ರೂಢಿ, ಅಲ್ಲಿಯೂ ಹಾಗೆಯೇ ಇರಬಹುದು, ಕೇಳಿ ನೋಡಿ.

ತೆಂಕಣಗಾಳಿ:

ಇಲ್ಲಿಯೂ ಹಾಗೆಯೇ. ಚಿತ್ರಾನ್ನ ಒಯ್ದರೆ ಪಾತ್ರೆ ಖಾಲಿಯಾಗಿ ಬರುತ್ತದೆ; ಕಡಲೆಕಾಯಿ ಮಾತ್ರ ಹಾಕಬೇಡಿ, ಗುಂಪಿನಲ್ಲಿ ಯಾರಿಗಾದರೂ ಅದು ಒಗ್ಗದಿರಬಹುದು.